ಮಾಡುವುದು, ಕೇಳಿದಾಗ ಹೇಳುವುದು: ನಮ್ಮೂರಲ್ಲಿ ಸುವಾರ್ತೆ ಹಂಚುವ ಬಗೆ

ಮಂಗಳೂರು, ಉಡುಪಿ ಕಡೆಯ ನಮ್ಮಂಥ ಹಳೆಯ ಕ್ರೈಸ್ತ ಮನೆಗಳವರಿಗೆ ಸುವಾರ್ತೆ ಸಾರುವುದು ಅಂದ ಕೂಡಲೇ ಎರಡೇ ವಿಷಯ ನೆನಪಾಗುತ್ತವೆ. ಒಂದು, ಬಸ್ ಸ್ಟ್ಯಾಂಡಿನಲ್ಲಿ ಕರಪತ್ರ ಹಂಚುವವರು. ಇನ್ನೊಂದು, ಮಿಷನ್ ಆಸ್ಪತ್ರೆ, ಮಿಷನ್ ಶಾಲೆ. ಮೊದಲನೆಯದು ನಮಗೆ ಒಗ್ಗುವುದಿಲ್ಲ ಅಂತ ದೂರ ಇರುತ್ತೇವೆ. ಎರಡನೆಯದನ್ನು ಸಂಸ್ಥೆಗಳು ಮಾಡುತ್ತಿವೆಯಲ್ಲ ಅಂತ ಸುಮ್ನೆ ಇರುತ್ತೇವೆ. ಕೊನೆಗೆ ನಮ್ಮ ಪಾಲಿಗೆ ಉಳಿಯುವುದು ಭಾನುವಾರದ ಆರಾಧನೆ ಮತ್ತು ಕ್ರಿಸ್‌ಮಸ್ಸಿನ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳು.

ಸಾಮಾನ್ಯ ವಿಶ್ವಾಸಿಯೊಬ್ಬ ಇವೆರಡರ ನಡುವೆ ಏನು ಮಾಡಬಹುದು ಅನ್ನುವುದೇ ಇಲ್ಲಿನ ವಿಷಯ. ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಹೋಗಬೇಕಾಗಿಲ್ಲ. ವೇದಿಕೆ ಹತ್ತಬೇಕಾಗಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೆಲಸವೂ ಬೇಕು, ಮಾತೂ ಬೇಕು. ಆದರೆ ಅವೆರಡಕ್ಕೂ ಗಂಟು ಹಾಕಬಾರದು. ಸಹಾಯದ ಹಿಂದೆ ಷರತ್ತು ಇರಬಾರದು. ಮಾತು, ಯಾರಾದರೂ ಕೇಳಿದಾಗ, ಅಂಜದೆ ಬರಬೇಕು. ನಮ್ಮ ಕಡೆ ಹೆಚ್ಚಿನವರು ಮೊದಲನೆಯದರಲ್ಲಿ ಪರವಾಗಿಲ್ಲ. ಎರಡನೆಯದರಲ್ಲಿ ನಾವು ಬಹಳ ಹಿಂದೆ.

ಮೊದಲು, ನಮ್ಮೂರಿನ ಹಿಂದಿನ ಕಥೆ ಸ್ವಲ್ಪ

1834ರ ಅಕ್ಟೋಬರ್ 30ರಂದು ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮೂವರು, ಅಂದರೆ ಹೆಬಿಕ್, ಲೇನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದರು. ಹೆಬಿಕ್ ಜಾತ್ರೆ, ಸಂತೆಗಳಲ್ಲಿ ನಿಂತು ಖಾರವಾಗಿ ಮಾತಾಡುವವರು. ಆದರೆ ಇಂದಿಗೂ ಊರಿನ ನೆನಪಿನಲ್ಲಿ ಜಾಸ್ತಿ ಉಳಿದಿರುವುದು ಆ ಪ್ರಸಂಗಗಳಲ್ಲ. 1841ರಲ್ಲಿ ಪ್ರೆಸ್ ಬಂತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಆ ದಿನವನ್ನೇ ಈಗ ರಾಜ್ಯದಲ್ಲಿ ಪತ್ರಿಕಾ ದಿನ ಅಂತ ಆಚರಿಸುತ್ತಾರೆ. 1847ರಲ್ಲಿ ಹೊಸ ಒಡಂಬಡಿಕೆ ತುಳುವಿನಲ್ಲಿ ಬಂತು. 1865ರಲ್ಲಿ ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. 1894ರಲ್ಲಿ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಇಲ್ಲೇ ಅಚ್ಚಾಯಿತು.

ಕ್ಯಾಥೊಲಿಕರ ಕಡೆ ನೋಡಿದರೆ, 1880ರಲ್ಲಿ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಕೊಡಲು ಶುರು ಮಾಡಿದರು. ಕುಷ್ಠರೋಗಿಗಳನ್ನು ಮನೆಯವರೇ ಹೊರಗೆ ಹಾಕುತ್ತಿದ್ದ ಕಾಲದಲ್ಲಿ ಅವರಿಗೆ ಜಾಗ ಮಾಡಿಕೊಟ್ಟರು. ಮತ್ತೆ ಪ್ರೊಟೆಸ್ಟಂಟರ ಕಡೆ, ಉಡುಪಿಯಲ್ಲಿ 1923ರಲ್ಲಿ ಡಾ. ಇವಾ ಲೊಂಬಾರ್ಡ್ ಆಸ್ಪತ್ರೆ ಆರಂಭಿಸಿದರು. ಈಗಲೂ ಊರಿನವರಿಗೆ ಅದು ಮಿಷನ್ ಆಸ್ಪತ್ರೆಯೇ.

ಈ ಪಟ್ಟಿ ಹೇಳಿದ್ದು ಹೆಮ್ಮೆಗಲ್ಲ. ಇದರಲ್ಲಿ ನಮ್ಮ ಕೆಲಸಕ್ಕೆ ಬೇಕಾದ ಎರಡು ಪಾಠಗಳಿವೆ. ಮೊದಲನೆಯದು, ಅವರು ಮಾತಾಡುವ ಮೊದಲು ಕಲಿತರು. ಮೋಗ್ಲಿಂಗ್ ದಾಸರ ಪದಗಳನ್ನು ಕೂಡಿಸಿ ಅಚ್ಚು ಹಾಕಿಸಿದರು. ಕಿಟ್ಟೆಲ್ ಹಳಗನ್ನಡದ ಛಂದಸ್ಸಿನೊಳಗೆ ಇಳಿದರು. ಎದುರಿನವರ ಹಾಡು, ಗಾದೆ, ಕಷ್ಟ ಇಷ್ಟು ಗೊತ್ತಿಲ್ಲದವನ ಮಾತಿಗೆ ಯಾರು ಕಿವಿ ಕೊಡುತ್ತಾರೆ?

ಎರಡನೆಯದು ಸ್ವಲ್ಪ ಕಹಿ. ಮತಾಂತರವಾಗಿ ಮನೆ, ಜಾತಿ, ಜಮೀನು ಎಲ್ಲ ಕಳೆದುಕೊಂಡವರಿಗೆ ಹೊಟ್ಟೆಪಾಡು ಬೇಕಿತ್ತು. ಅದಕ್ಕೇ ನೇಯ್ಗೆ, ಹಂಚಿನ ಕಾರ್ಖಾನೆಗಳು ಬಂದವು. ಉದ್ದೇಶ ಒಳ್ಳೆಯದೇ. ಆದರೆ ಕೂಲಿ ಕೊಡುವವರೂ ಚರ್ಚ್ ನಡೆಸುವವರೂ ಒಬ್ಬರೇ ಆದಾಗ, ನಂಬಿಕೆ ಯಾವುದು, ಅನ್ನದ ದಾರಿ ಯಾವುದು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಒಳಗಿನವರಿಗೂ ಕೆಲವೊಮ್ಮೆ ಗೊತ್ತಾಗುವುದಿಲ್ಲ. ಆ ಅನುಮಾನದ ನೆರಳು ಇವತ್ತಿಗೂ ನಮ್ಮ ಮೇಲಿದೆ. ಮುಂದೆ ಹೇಳುವ ಒಂದು ಹೆಜ್ಜೆ ಪೂರ್ತಿ ಇದರ ಬಗ್ಗೆಯೇ.

ಹೆಜ್ಜೆ 1: ಸುದ್ದಿ ಏನು ಅಂತ ನೀವೇ ತಿಳಿದುಕೊಳ್ಳಿ

ನಗಬೇಡಿ. ಚರ್ಚಿನಲ್ಲೇ ಹುಟ್ಟಿ ಬೆಳೆದವರಿಗೇ ಇದು ಕಷ್ಟ. ‘ಕ್ರೈಸ್ತರ ಸುವಾರ್ತೆ ಅಂದರೆ ಏನು?’ ಅಂತ ಪಕ್ಕದ ಮನೆಯವರು ಕೇಳಿದರೆ ನಮ್ಮಲ್ಲಿ ಬಹಳ ಜನ ‘ಎಲ್ಲರನ್ನೂ ಪ್ರೀತಿಸಬೇಕು, ಒಳ್ಳೆಯವರಾಗಿರಬೇಕು’ ಅನ್ನುತ್ತಾರೆ. ಅದು ಒಳ್ಳೆಯ ಮಾತು. ಆದರೆ ಅದು ಬುದ್ಧಿಮಾತು, ಸುದ್ದಿ ಅಲ್ಲ. ಸುದ್ದಿ ಅಂದರೆ ಏನೋ ನಡೆದಿರಬೇಕು. ದೇವರು ದೂರ ನಿಲ್ಲದೆ ಯೇಸುವಿನಲ್ಲಿ ನಮ್ಮ ನಡುವೆ ಬಂದರು. ಊರು ದೂರ ಇಟ್ಟವರ ಜೊತೆ ಕೂತು ಊಟ ಮಾಡಿದರು. ಪಾಪ ಕ್ಷಮಿಸಿದರು. ಶಿಲುಬೆಯ ಮೇಲೆ ಸತ್ತರು, ಮೂರನೆಯ ದಿನ ಎದ್ದರು. ಯೋಗ್ಯತೆ ನೋಡದೆ ಎಲ್ಲರನ್ನೂ ಮನೆಗೆ ಕರೆಯುತ್ತಿದ್ದಾರೆ. ಕ್ರೈಸ್ತರು ಹೇಳುವ ಸುದ್ದಿ ಇದು.

ಹೀಗೆ ಮಾಡಿ. ಒಂದು ಸಂಜೆ ಫೋನ್ ಬದಿಗಿಟ್ಟು ಮಾರ್ಕನ ಸುವಾರ್ತೆಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ ಓದಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಆಮೇಲೆ ಒಂದು ಹಾಳೆ ತೆಗೆದುಕೊಂಡು, ಅದರಲ್ಲಿ ನಡೆದದ್ದನ್ನು ಎಂಟು ಹತ್ತು ವಾಕ್ಯಗಳಲ್ಲಿ ಬರೆಯಿರಿ. ಒಂದೇ ನಿಯಮ: ಚರ್ಚಿನ ಹೊರಗೆ ಯಾರೂ ಆಡದ ಮಾತು ಬಳಸಬಾರದು. ‘ರಕ್ತದಿಂದ ತೊಳೆಯಲ್ಪಟ್ಟು’, ‘ಅಭಿಷೇಕ ಹೊಂದಿ’, ‘ಆತ್ಮಗಳನ್ನು ಗೆದ್ದು’ ಇವೆಲ್ಲ ಬೇಡ. ಕಡೆಯದಂತೂ ಕೇಳುವವರಿಗೆ ಬೇಟೆಯ ಮಾತಿನ ಹಾಗೆ ಕೇಳಿಸುತ್ತದೆ.

ಬರೆದದ್ದನ್ನು ಮನೆಯ ಭಾಷೆಯಲ್ಲಿ ಬಾಯಿಬಿಟ್ಟು ಹೇಳಿ ನೋಡಿ. ಇದು ನಮ್ಮ ಕಡೆಗೇ ಇರುವ ವಿಚಿತ್ರ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಪ್ರೊಟೆಸ್ಟಂಟ್) ಮನೆಗಳಲ್ಲಿ ಆಡುವುದು ತುಳು, ಪ್ರಾರ್ಥಿಸುವುದು ಪುಸ್ತಕದ ಕನ್ನಡ. ಕ್ಯಾಥೊಲಿಕರ ಮನೆಯಲ್ಲಿ ಆಡುವುದೂ ಪ್ರಾರ್ಥಿಸುವುದೂ ಕೊಂಕಣಿ, ಆದರೆ ಪಕ್ಕದ ಮನೆಯವರಿಗೆ ಕೊಂಕಣಿ ಬಾರದು. ಹಾಗಾಗಿ ಮೀನಿನ ರೇಟು, ಮಳೆ, ಮದುವೆ ಎಲ್ಲದರ ಬಗ್ಗೆ ತುಳುವಿನಲ್ಲಿ ಗಂಟೆಗಟ್ಟಲೆ ಮಾತಾಡುವವರು ದೇವರ ವಿಷಯ ಬಂದ ತಕ್ಷಣ ಭಾಷಣಕ್ಕೆ ನಿಂತವರ ಹಾಗೆ ಆಗಿಬಿಡುತ್ತಾರೆ. ಅಡುಗೆಮನೆಯಲ್ಲಿ ಹೇಳಲಾಗದ್ದನ್ನು ಬೇಲಿಯ ಬಳಿ ನಿಂತು ಹೇಳಲಾಗುವುದಿಲ್ಲ. ಅಭ್ಯಾಸ ಮಾಡಿ.

ಹೆಜ್ಜೆ 2: ಮನೆ ಮತ್ತು ಕೆಲಸದ ಜಾಗದಿಂದ ಶುರು ಮಾಡಿ

ಮಾರ್ಕ 5ರಲ್ಲಿ, ಅಂದರೆ ಮಾರ್ಕನ ಸುವಾರ್ತೆಯ 5ನೇ ಅಧ್ಯಾಯದಲ್ಲಿ, ಗೋರಿಗಳ ನಡುವೆ ಇದ್ದವನೊಬ್ಬ ಗುಣವಾದ ಮೇಲೆ ಯೇಸುವಿನ ಜೊತೆ ದೋಣಿ ಹತ್ತಲು ಹೊರಡುತ್ತಾನೆ. ಯೇಸು ಬೇಡ ಅನ್ನುತ್ತಾರೆ. ನಿನ್ನ ಮನೆಗೆ, ನಿನ್ನವರ ಬಳಿಗೆ ಹೋಗಿ, ಆದದ್ದನ್ನು ಹೇಳು ಅನ್ನುತ್ತಾರೆ. ಅವನನ್ನು ಅವನ ಕೆಟ್ಟ ದಿನಗಳಲ್ಲಿ ನೋಡಿದವರು ಅಲ್ಲಿದ್ದರು. ಬದಲಾವಣೆ ನಿಜವೋ ಸುಳ್ಳೋ ಅಂತ ಗುರುತಿಸಬಲ್ಲವರು ಅವರೇ.

ನಮ್ಮ ವಿಷಯದಲ್ಲೂ ಹಾಗೆಯೇ. ಮನೆಕೆಲಸಕ್ಕೆ ಬರುವ ಹೆಂಗಸಿಗೆ ಭಾನುವಾರವೂ ರಜೆ ಕೊಡದೆ ನಾವು ಆರಾಧನೆಗೆ ಹೋಗುತ್ತೇವಾ? ಅಪಾರ್ಟ್‌ಮೆಂಟಿನ ವಾಚ್‌ಮ್ಯಾನ್ ಹೆಸರು ಗೊತ್ತಾ? ಅಂಗಡಿಯಲ್ಲಿ ಬಿಲ್ ಸರಿಯಾಗಿ ಹಾಕುತ್ತೇವಾ? ಜಾಗದ ಗಡಿಯ ಜಗಳ ಎಷ್ಟು ವರ್ಷದಿಂದ ಕೋರ್ಟಿನಲ್ಲಿದೆ? ವರದಕ್ಷಿಣೆಗೆ ಬೇರೆ ಹೆಸರಿಟ್ಟು ತೆಗೆದುಕೊಂಡೆವಾ? ಇವಕ್ಕೆ ಉತ್ತರ ಊರಿಗೆ ಗೊತ್ತಿರುತ್ತದೆ. ಒಂದನ್ನಾದರೂ ಈ ತಿಂಗಳು ಸರಿಮಾಡಿ. ಸಂಬಳ ಹೆಚ್ಚಿಸುವುದೋ, ಹಳೆಯ ಸಾಲ ತೀರಿಸುವುದೋ, ಅಣ್ಣನಿಗೆ ಫೋನ್ ಮಾಡುವುದೋ. ಮೂರನೆಯ ಹೆಜ್ಜೆಗೆ ಆಮೇಲೆ ಬನ್ನಿ.

ಹೆಜ್ಜೆ 3: ಒಂದೇ ಕೆಲಸ ಆರಿಸಿಕೊಳ್ಳಿ, ಚಿಕ್ಕದು, ವಾರವಾರ ಆಗುವಂಥದ್ದು

ಒಂದು ದಿನದ ಶಿಬಿರ, ಬ್ಯಾನರ್, ಹಣ್ಣು ಹಂಚಿ ಫೋಟೋ. ನಮ್ಮ ಚರ್ಚ್ ಸಂಘಗಳಿಗೆ ಇದು ಬಹಳ ಇಷ್ಟ. ತಪ್ಪೇನಲ್ಲ. ಆದರೆ ಆಪಲ್ ತಿಂದ ರೋಗಿಗೆ ಕೊಟ್ಟವರ ಮುಖ ಸಂಜೆಗೆ ನೆನಪಿರುವುದಿಲ್ಲ. ಪ್ರತಿ ಗುರುವಾರ ಬರುವ ಒಬ್ಬ ಮನುಷ್ಯ ನೆನಪಿರುತ್ತಾನೆ.

ಏನು ಮಾಡಬಹುದು? ನಮ್ಮೂರಿಗೆ ಹೊಂದುವ ಕೆಲವು ದಾರಿಗಳು ಇಲ್ಲಿವೆ.

ಮಕ್ಕಳು ದುಬೈ, ಕುವೈತ್, ಬೆಂಗಳೂರು ಸೇರಿ, ದೊಡ್ಡ ಮನೆಯಲ್ಲಿ ಇಬ್ಬರೇ ಅಥವಾ ಒಬ್ಬರೇ ಉಳಿದಿರುವ ಹಿರಿಯರು. ಇವರು ಎಲ್ಲ ಧರ್ಮದಲ್ಲೂ ಇದ್ದಾರೆ, ಪ್ರತಿ ಬೀದಿಯಲ್ಲೂ ಇದ್ದಾರೆ. ಇವರಿಗೆ ಹಣ ಬೇಕಾಗಿಲ್ಲ. ಬ್ಯಾಂಕಿನ ಕೆ.ವೈ.ಸಿ.ಗೆ ಜೊತೆಗೆ ಬರುವವರು ಬೇಕು. ನವೆಂಬರಿನಲ್ಲಿ ಪಿಂಚಣಿಯ ಜೀವನ ಪ್ರಮಾಣ ಪತ್ರಕ್ಕೆ ಓಡಾಡುವವರು ಬೇಕು. ಮೊಬೈಲಿಗೆ ಬಂದ ಮೆಸೇಜು ಮೋಸವೋ ನಿಜವೋ ಅಂತ ನೋಡಿ ಹೇಳುವವರು ಬೇಕು. ರಾತ್ರಿ ಎದೆನೋವು ಬಂದರೆ ಯಾರಿಗೆ ಫೋನ್ ಮಾಡುವುದು ಅನ್ನುವುದಕ್ಕೆ ಒಂದು ನಂಬರ್ ಬೇಕು. ಆ ನಂಬರ್ ನಿಮ್ಮದಾಗಲಿ. ನನ್ನ ಕೇಳಿದರೆ, ನಮ್ಮ ಜಿಲ್ಲೆಗಳಲ್ಲಿ ಇವತ್ತು ಎಲ್ಲಕ್ಕಿಂತ ದೊಡ್ಡ ಅಗತ್ಯ ಇದೇ. ಯಾರ ಕಣ್ಣಿಗೂ ಬೀಳದ್ದೂ ಇದೇ.

ಇನ್ನೊಂದು, ಸರ್ಕಾರಿ ಆಸ್ಪತ್ರೆಯ ರೋಗಿಗಳ ಜೊತೆ ಇರುವವರು. ಮಂಗಳೂರಿನ ವೆನ್‌ಲಾಕ್‌ಗೆ ಉತ್ತರ ಕರ್ನಾಟಕದಿಂದಲೂ ಜನ ಬರುತ್ತಾರೆ. ರೋಗಿಗೆ ಡಾಕ್ಟರ್ ಇದ್ದಾರೆ, ಜೊತೆಗೆ ಬಂದ ಹೆಂಡತಿಗೋ ತಮ್ಮನಿಗೋ ಯಾರೂ ಇಲ್ಲ. ಊಟ ಕೊಡುವ ಸಂಘಗಳು ಈಗ ಇವೆ. ಕೊರತೆ ಇರುವುದು ಬೇರೆ ಕಡೆ. ಸ್ಕ್ಯಾನಿಂಗ್ ಎಲ್ಲಿ, ಯಾವ ಕೌಂಟರಿನಲ್ಲಿ ಯಾವ ಕಾರ್ಡ್ ತೋರಿಸಬೇಕು, ಡಿಸ್ಚಾರ್ಜ್ ಚೀಟಿಯಲ್ಲಿ ಏನು ಬರೆದಿದ್ದಾರೆ ಅಂತ ಸಾವಧಾನವಾಗಿ ಹೇಳುವವರು ಬೇಕು. ಅವರು ಸ್ನಾನ ಮಾಡಿ ಬರುವ ತನಕ ಅರ್ಧ ಗಂಟೆ ಹಾಸಿಗೆಯ ಬಳಿ ಕೂರುವವರು ಬೇಕು. ಆದರೆ ಸುಮ್ಮನೆ ವಾರ್ಡಿಗೆ ನುಗ್ಗಬೇಡಿ. ಮೊದಲು ಆಡಳಿತದ ಅನುಮತಿ ಪಡೆಯಿರಿ, ಭೇಟಿಯ ಸಮಯ ಪಾಲಿಸಿ, ನರ್ಸ್ ಹೇಳಿದ್ದೇ ಅಂತಿಮ.

ಮಲ್ಪೆ, ಮಂಗಳೂರು ಬಂದರುಗಳ ಕಡೆ ಇರುವವರಿಗೆ ಮಳೆಗಾಲವೇ ಸಮಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ದಿನಗೂಲಿಯವರ ಕೈ ಖಾಲಿ. ಅದೇ ಸಮಯಕ್ಕೆ ಶಾಲೆಯೂ ಶುರುವಾಗಿರುತ್ತದೆ, ಪುಸ್ತಕ, ಛತ್ರಿ, ಫೀಸು ಎಲ್ಲ ಒಟ್ಟಿಗೆ ಬೀಳುತ್ತವೆ. ಕಟ್ಟಡದ ಕೆಲಸಕ್ಕೆ ಬಾಗಲಕೋಟೆ, ಗದಗ, ಕೊಪ್ಪಳದಿಂದ ಬಂದವರ ಮಕ್ಕಳಿಗೆ ಶಾಲೆಗೆ ಸೇರಲು ದಾಖಲೆಯದೇ ತೊಂದರೆ. ಒಬ್ಬ ನಿವೃತ್ತ ಟೀಚರ್ ಮನಸ್ಸು ಮಾಡಿದರೆ ಸಾಕು, ಮುಖ್ಯೋಪಾಧ್ಯಾಯರ ಜೊತೆ ಕೂತು ಅದನ್ನು ಬಗೆಹರಿಸಬಹುದು.

ಯಾವುದನ್ನೇ ಆರಿಸಿದರೂ, ಏನು ಬೇಕು ಅಂತ ಮೊದಲು ಅವರನ್ನೇ ಕೇಳಿ. ಹಳೆ ಬಟ್ಟೆ ಯಾರಿಗೂ ಬೇಡ, ಅಲ್ವಾ? ಸಾಧ್ಯವಾದರೆ ಚರ್ಚಿನ ಹೊರಗಿನ ಗೆಳೆಯರನ್ನೂ ಸೇರಿಸಿಕೊಳ್ಳಿ. ಭಜನಾ ಮಂಡಳಿಯ ಹುಡುಗರು, ಯುವಕ ಮಂಡಲದವರು, ಪಕ್ಕದ ಮಸೀದಿಯವರು ಇದೇ ಕೆಲಸ ಮಾಡುತ್ತಿದ್ದರೆ ಅವರ ಜೊತೆ ಸೇರಿ, ಅವರ ಕೈಕೆಳಗೆ ಕೆಲಸ ಮಾಡಿ. ಫೋಟೋ ಬೇಡ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಅಂತ ಮತ್ತಾಯ 6ರಲ್ಲಿ ಇರುವಾಗ ಅದನ್ನು ಸ್ಟೇಟಸ್ಸಿಗೆ ಹಾಕುವುದು ಹೇಗೆ?

ಹೆಜ್ಜೆ 4: ಸಹಾಯಕ್ಕೂ ಮಾತಿಗೂ ಗಂಟು ಹಾಕಬೇಡಿ

ಲೂಕ 17ರಲ್ಲಿ ಹತ್ತು ಕುಷ್ಠರೋಗಿಗಳು ಗುಣವಾಗುತ್ತಾರೆ. ತಿರುಗಿ ಬಂದು ಧನ್ಯವಾದ ಹೇಳಿದ್ದು ಒಬ್ಬನೇ. ಆ ಕಥೆಯಲ್ಲಿ ನಾವು ಗಮನಿಸದ ಒಂದು ವಿಷಯ ಇದೆ. ಉಳಿದ ಒಂಬತ್ತು ಜನರ ಗುಣವನ್ನು ಯೇಸು ವಾಪಸ್ ಪಡೆಯಲಿಲ್ಲ. ‘ಉಳಿದವರು ಎಲ್ಲಿ?’ ಅಂತ ಕೇಳಿದರು, ಅಷ್ಟೇ.

ಪ್ರತಿ ಕೆಲಸಕ್ಕೂ ಈ ಪರೀಕ್ಷೆ ಹಾಕಿಕೊಳ್ಳಿ: ಈ ಮನುಷ್ಯ ಎಂದಿಗೂ ಚರ್ಚಿನ ಮೆಟ್ಟಿಲು ಹತ್ತುವುದಿಲ್ಲ, ಯೇಸುವಿನ ಬಗ್ಗೆ ಒಂದು ಮಾತೂ ಕೇಳುವುದಿಲ್ಲ ಅಂತ ಇವತ್ತೇ ಗೊತ್ತಾದರೂ ಮುಂದಿನ ಗುರುವಾರ ನಾನು ಅಲ್ಲಿಗೆ ಹೋಗುತ್ತೇನಾ? ಇಲ್ಲ ಅನ್ನುವುದಾದರೆ ನೀವು ಮಾಡುತ್ತಿರುವುದು ಸೇವೆ ಅಲ್ಲ, ವ್ಯಾಪಾರ.

ಇದರಿಂದ ಹುಟ್ಟುವ ನಿಯಮಗಳು ಕಟ್ಟುನಿಟ್ಟು. ಅಕ್ಕಿಯ ಚೀಲದೊಳಗೆ ಕರಪತ್ರ ಇಡಬೇಡಿ. ಟ್ಯೂಷನ್ನಿಗೆ ಬರುವ ಮಕ್ಕಳಿಗೆ ಅಪ್ಪ ಅಮ್ಮನಿಗೆ ತಿಳಿಯದಂತೆ ಧರ್ಮದ ಪಾಠ ಮಾಡಬೇಡಿ. ನಿಮ್ಮಲ್ಲಿ ಸಂಬಳಕ್ಕೆ ಇರುವವರನ್ನು ಪ್ರಾರ್ಥನೆಗೆ ಕರೆಯಬೇಡಿ, ಅವರಿಗೆ ಇಲ್ಲ ಅನ್ನಲು ಆಗುವುದಿಲ್ಲ. ಹಾಸಿಗೆ ಹಿಡಿದವರ ಎದುರು ಸಾವು, ನರಕ ಅಂತ ಹೆದರಿಸಬೇಡಿ. ರೋಗ ವಾಸಿಯಾಗುತ್ತದೆ ಅಂತ ಮಾತು ಕೊಡಬೇಡಿ. ಮಾತ್ರೆ ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ, ಅವರು ಎಷ್ಟೇ ದೊಡ್ಡ ಪ್ರಸಂಗಿ ಆಗಿರಲಿ, ಅಲ್ಲೇ ತಡೆಯಿರಿ. ಫಾದರ್ ಮುಲ್ಲರ್, ಲೊಂಬಾರ್ಡ್ ಔಷಧ ಕೊಟ್ಟ ಊರಿದು.

ಪ್ರಾರ್ಥನೆಯೂ ಕೇಳಿಯೇ ಆಗಬೇಕು. ‘ನಿಮಗೋಸ್ಕರ ಪ್ರಾರ್ಥಿಸಲಾ? ಬೇಡವಾದರೆ ಬೇಡ, ಬೇಜಾರಿಲ್ಲ.’ ಹೂಂ ಅಂದರೆ ಮೆತ್ತಗೆ ಎರಡು ವಾಕ್ಯ ಸಾಕು. ಬೇಡ ಅಂದರೆ ಮನೆಗೆ ಬಂದು ಪ್ರಾರ್ಥಿಸಿ.

ಕಾನೂನಿನ ವಿಷಯವೂ ತಿಳಿದಿರಲಿ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಅದೂ ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. ಪ್ರಚಾರದ ಹಕ್ಕು ಅಂದರೆ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಂಬುವುದು, ಬಿಡುವುದು ಕೇಳಿದವರ ಮನಸ್ಸಾಕ್ಷಿಗೆ ಸೇರಿದ್ದು. ನಮ್ಮ ವಿಶ್ವಾಸವೂ ಹೇಳುವುದು ಅದನ್ನೇ. ಮನಸ್ಸು ತಿರುಗಿಸುವುದು ದೇವರ ಕೆಲಸ, ನಮ್ಮದಲ್ಲ.

2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿ ನಡೆದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಬಾಯಿ ಮುಚ್ಚಿಕೊಂಡು ಇರುವುದೇ ಕ್ಷೇಮ ಅನ್ನುವ ಮಾತು ಮನೆಮನೆಯಲ್ಲಿ ಇದೆ. ಆ ಭಯ ನನಗೆ ಅರ್ಥವಾಗುತ್ತದೆ. ಗುಟ್ಟು ಮಾಡದೆ, ಆಮಿಷ ತೋರಿಸದೆ, ಯಾರ ದೇವರನ್ನೂ ಹೀಗಳೆಯದೆ ನಡೆದುಕೊಂಡರೆ ಮುಚ್ಚಿಡುವಂಥದ್ದು ನಮ್ಮಲ್ಲಿ ಏನೂ ಇರುವುದಿಲ್ಲ. ಯಾರಾದರೂ ಬಂದು ಜೋರು ಮಾಡಿದರೆ ವಾದಕ್ಕೆ ಇಳಿಯಬೇಡಿ. ವಿಡಿಯೊ ಮಾಡಿ ಗ್ರೂಪುಗಳಿಗೆ ಹರಡಬೇಡಿ. ಅಲ್ಲಿಂದ ಹೊರಡಿ, ಸಭಾಪಾಲಕರಿಗೋ ಚರ್ಚಿನ ಫಾದರಿಗೋ ತಿಳಿಸಿ, ಅಪಾಯ ಅನ್ನಿಸಿದರೆ 112ಕ್ಕೆ ಫೋನ್ ಮಾಡಿ.

ಹೆಜ್ಜೆ 5: ಕೇಳಿದಾಗ ಉತ್ತರ ಕೊಡಿ

‘ಯಾವಾಗಲೂ ಸುವಾರ್ತೆ ಸಾರಿ, ಬೇಕಾದರೆ ಮಾತ್ರ ಮಾತು ಬಳಸಿ’ ಅಂತ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹೇಳಿದರು ಎನ್ನುವ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ಅವರ ಬರಹಗಳಲ್ಲಿ ಎಲ್ಲೂ ಅದು ಇಲ್ಲ. ಅವರು ಊರೂರು ತಿರುಗಿ ಪ್ರಸಂಗ ಮಾಡಿದವರು. ಈ ವಾಕ್ಯ ನಮಗೆ ಇಷ್ಟವಾಗುವುದಕ್ಕೆ ಕಾರಣ ಬೇರೆ. ಮಾತಾಡುವ ಮುಜುಗರದಿಂದ ಅದು ನಮ್ಮನ್ನು ಪಾರು ಮಾಡುತ್ತದೆ. ಆದರೆ ಹೇಳುವವರಿಲ್ಲದೆ ಜನ ಕೇಳುವುದು ಹೇಗೆ ಅಂತ ಪೌಲ ರೋಮಾ 10ರಲ್ಲಿ ಕೇಳುತ್ತಾನೆ. ನೀವು ವರ್ಷಗಟ್ಟಲೆ ಒಬ್ಬರ ಮನೆಗೆ ಹೋಗಿ ಸಹಾಯ ಮಾಡಿ, ಯಾಕೆ ಅಂತ ಅವರು ಕೇಳಿದಾಗ ‘ಹಾಗೇ ಸುಮ್ನೆ’ ಅಂದುಬಿಟ್ಟರೆ, ಹೊಗಳಿಕೆ ನಿಮಗೆ ಸಿಗುತ್ತದೆ. ಯಾರಿಂದ ಕಲಿತಿರೋ ಅವರ ಹೆಸರು ಬರುವುದೇ ಇಲ್ಲ. ಅದು ವಿನಯ ಅಲ್ಲ.

1 ಪೇತ್ರ 3:15 ಓದಿ. ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಿ, ಆದರೆ ಸಾತ್ವಿಕತೆಯಿಂದ, ಮರ್ಯಾದೆಯಿಂದ ಅಂತ ಅಲ್ಲಿದೆ. ಪ್ರಶ್ನೆ ಮೊದಲು, ಉತ್ತರ ಆಮೇಲೆ. ನಮ್ಮ ಕಡೆ ಆ ಪ್ರಶ್ನೆ ಹೇಗೆ ಬರುತ್ತದೆ ಗೊತ್ತಾ? ‘ನಿಮಗೆ ಇದರಿಂದ ಏನು ಸಿಗುತ್ತದೆ?’ ಅಂತ. ಕೆಲವೊಮ್ಮೆ ಅನುಮಾನದಲ್ಲಿ, ಕೆಲವೊಮ್ಮೆ ನಿಜವಾದ ಕುತೂಹಲದಲ್ಲಿ. ಎರಡಕ್ಕೂ ಒಂದೇ ಉತ್ತರ, ನೇರವಾಗಿ:

‘ನನಗೆ ಏನೂ ಸಿಗುವುದಿಲ್ಲ. ನಾನು ಯೇಸುವನ್ನು ನಂಬುವವನು. ನನ್ನ ಯೋಗ್ಯತೆ ನೋಡದೆ ಅವರು ನನ್ನನ್ನು ಸೇರಿಸಿಕೊಂಡರು ಅಂತ ನಾನು ನಂಬಿದ್ದೇನೆ. ಹಾಗಿರುವಾಗ ನಾನು ಬೇರೆಯವರ ಯೋಗ್ಯತೆ ನೋಡಲು ಹೋಗಬಾರದು, ಅಲ್ವಾ? ಅದಕ್ಕೇ ಬರುತ್ತೇನೆ.’

ಇಷ್ಟು ಹೇಳಿ ನಿಲ್ಲಿಸಿ. ನಿಲ್ಲಿಸುವುದೇ ಕಷ್ಟದ ಭಾಗ. ಅವರು ಮುಂದೆ ಕೇಳಿದರೆ ಒಂದು ಕಥೆ ಹೇಳಿ. ತತ್ವ ಬೇಡ, ಕಥೆ. ಯೇಸು ಮಾಡಿದ್ದೂ ಅದನ್ನೇ. ಯಾರಿಗೆ ಯಾವ ಕಥೆ ಅನ್ನುವುದಕ್ಕೆ ಸ್ವಲ್ಪ ತಯಾರಿ ಬೇಕು.

ಬಹಳ ಕಾಲದಿಂದ ಕಾಯಿಲೆಯಲ್ಲಿ ಇರುವವರಿಗೆ ಮಾರ್ಕ 5ರ ಹೆಂಗಸಿನ ಕಥೆ. 12 ವರ್ಷ ರಕ್ತಸ್ರಾವ, ವೈದ್ಯರಿಗೆ ಇದ್ದದ್ದೆಲ್ಲ ಸುರಿದು ಇನ್ನೂ ಕೆಟ್ಟಿತ್ತು. ಗುಂಪಿನಲ್ಲಿ ಹಿಂದಿನಿಂದ ಬಂದು ಬಟ್ಟೆ ಮುಟ್ಟಿದಳು. ಯೇಸು ನಿಂತು, ಎಲ್ಲರ ಎದುರು ಅವಳನ್ನು ‘ಮಗಳೇ’ ಅಂತ ಕರೆದರು. ಮುಟ್ಟಬಾರದವಳು ಅಂತ ದೂರ ಇಟ್ಟಿದ್ದ ಹೆಂಗಸನ್ನು. ಈ ಕಥೆ ಹೇಳುವಾಗ ‘ನಿಮಗೂ ಹಾಗೇ ಗುಣವಾಗುತ್ತದೆ’ ಅಂತ ಸೇರಿಸಬೇಡಿ. ‘ಮಗಳೇ’ ಅನ್ನುವ ಕಡೆ ನಿಲ್ಲಿಸಿ.

ಹಣದ ವಿಷಯದಲ್ಲಿ ಒಳಗೊಳಗೇ ಚುಚ್ಚುತ್ತಿರುವವರಿಗೆ ಲೂಕ 19ರ ಸುಂಕ ವಸೂಲಿಗಾರ ಜಕ್ಕಾಯ. ಮನೆ ಬಿಟ್ಟುಹೋದ ಮಗ ಇರುವವರಿಗೆ ಲೂಕ 15. ಆದರೆ ಮಗನ ಬಗ್ಗೆ ಅಲ್ಲ, ದಾರಿ ನೋಡುತ್ತಿದ್ದ ಅಪ್ಪನ ಬಗ್ಗೆ ಹೇಳಿ. ಸಾವಿನ ಮನೆಯಲ್ಲಿ ಮೊದಲ ದಿನಗಳಲ್ಲಿ ಯಾವ ಕಥೆಯೂ ಬೇಡ, ಕುರ್ಚಿ ಜೋಡಿಸಿ, ಬಂದವರಿಗೆ ಚಾ ಕೊಡಿ. ತಿಂಗಳುಗಳ ನಂತರ ಅವರಾಗಿಯೇ ಮಾತು ತೆಗೆದರೆ ಲೂಕ 24ರ ಎಮ್ಮಾವು ಎಂಬ ಊರಿನ ದಾರಿಯಲ್ಲಿ ದುಃಖದಿಂದ ನಡೆಯುತ್ತಿದ್ದ ಇಬ್ಬರು ಶಿಷ್ಯರು ಇದ್ದಾರೆ.

ಮಲ್ಪೆ, ಬೆಂಗ್ರೆ, ಉಳ್ಳಾಲದ ಕಡೆಯವರು ಅದೃಷ್ಟವಂತರು. ಯೋಹಾನ 21 ಅವರಿಗೇ ಬರೆದ ಹಾಗಿದೆ. ರಾತ್ರಿಯಿಡೀ ಬಲೆ ಬೀಸಿ ಒಂದು ಮೀನೂ ಇಲ್ಲ. ಬೆಳಿಗ್ಗೆ ದಡದಲ್ಲಿ ಒಬ್ಬರು ಕೆಂಡದ ಮೇಲೆ ಮೀನು ಸುಡುತ್ತಾ, ರೊಟ್ಟಿ ಇಟ್ಟುಕೊಂಡು ನಿಂತಿದ್ದಾರೆ. ತಮ್ಮನ್ನು ಬಿಟ್ಟು ಓಡಿಹೋದವರಿಗೆ, ಮೂರು ಸಲ ಗುರುತಿಲ್ಲ ಅಂದ ಪೇತ್ರನಿಗೆ, ಬನ್ನಿ ಊಟ ಮಾಡಿ ಅನ್ನುತ್ತಾರೆ. ಖಾಲಿ ಬಲೆ ಎಳೆದು ಬಂದ ಬೆಳಗು ಹೇಗಿರುತ್ತದೆ ಅಂತ ಆ ಊರುಗಳಲ್ಲಿ ವಿವರಿಸಬೇಕಾಗಿಲ್ಲ.

ಮಾತಿನ ನಡುವೆ ‘ನಿಮ್ಮ ದೇವರು, ನಮ್ಮ ದೇವರು’ ಅಂತ ಹೋಲಿಕೆಗೆ ಹೋಗಬೇಡಿ. ದೈವ, ಕೋಲ, ನಾಗನ ಕಲ್ಲಿನ ಬಗ್ಗೆ ಹಗುರವಾಗಿ ಒಂದು ಮಾತು ಬಂದರೂ ಅಲ್ಲಿಗೆ ಬಾಗಿಲು ಮುಚ್ಚಿತು. ಅದು ಸರಿಯೇ. ಬದಲಿಗೆ ಕೇಳಿ: ‘ನಿಮಗೆ ಕಷ್ಟದಲ್ಲಿ ಯಾವುದು ಧೈರ್ಯ ಕೊಡುತ್ತದೆ?’ ಉತ್ತರ ಪೂರ್ತಿ ಕೇಳಿಸಿಕೊಳ್ಳಿ. ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲ ಅನ್ನಿ, ಕೇಳಿ ಬಂದು ಹೇಳುತ್ತೇನೆ ಅನ್ನಿ, ಮತ್ತೆ ನಿಜವಾಗಿಯೂ ಕೇಳಿ ಬಂದು ಹೇಳಿ.

ಹೆಜ್ಜೆ 6: ಹಬ್ಬಗಳನ್ನು ಬಳಸಿಕೊಳ್ಳಿ, ಹಬ್ಬಗಳಿಗೆ ಹೋಗಿ

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮೇರಿಯಮ್ಮನ ಹುಟ್ಟುಹಬ್ಬಕ್ಕೆ, ಹೊಸ ತೆನೆ, ಕ್ರಿಸ್‌ಮಸ್ಸಿಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಅಲಂಕಾರ. ನಮ್ಮ ಮನೆಗಳಿಗೆ ಹೊರಗಿನವರು ಸಂಕೋಚ ಇಲ್ಲದೆ ಬರುವ ದಿನಗಳು ಇವೇ. ಗೋದಲಿ ನೋಡಲು ಬರುವ ಬೀದಿಯ ಮಕ್ಕಳು ‘ಇದು ಯಾರು, ದನ ಯಾಕೆ ಇದೆ?’ ಅಂತ ಕೇಳಿಯೇ ಕೇಳುತ್ತಾರೆ. ಲೈಟಿನ ರೇಟು ಹೇಳುವ ಬದಲು ಕಥೆ ಹೇಳಿ. ಉಳಿಯಲು ಜಾಗ ಸಿಗದ ಬಸುರಿ ಹೆಂಗಸು, ಕೊಟ್ಟಿಗೆ, ಮೊದಲು ನೋಡಲು ಬಂದ ಕುರುಬರು. ಎರಡು ನಿಮಿಷ. ಜೊತೆಗೆ ಅವರ ಅಮ್ಮಂದಿರೂ ಇರುತ್ತಾರೆ, ಎಲ್ಲ ಬಹಿರಂಗ. ಕುಸ್ವಾರಿನ ತಟ್ಟೆ ಕೊಂಡುಹೋದಾಗ ನೆವ್ರಿ, ಕಿಡಿಯೊ ಕೊಟ್ಟು ಗೇಟಿನಿಂದಲೇ ಓಡಬೇಡಿ. ಒಳಗೆ ಹೋಗಿ ಕೂರಿ.

ಕ್ಯಾರಲ್ ಹಾಡಲು ಹೋಗುವ ತಂಡಕ್ಕೆ ಒಂದೇ ಮಾತು: ರಾತ್ರಿ 10ರ ನಂತರ ಮೈಕ್ ಬಳಸುವಂತಿಲ್ಲ ಅನ್ನುವ ನಿಯಮ ನಮಗೂ ಇದೆ.

ಅವರ ಹಬ್ಬಗಳಿಗೂ ಹೋಗಿ. ಉಡುಪಿಯಲ್ಲಿ ಇದ್ದುಕೊಂಡು ಕೃಷ್ಣ ಜನ್ಮಾಷ್ಟಮಿಯ ವಿಟ್ಲಪಿಂಡಿಯ ದಿನ ಬಾಗಿಲು ಹಾಕಿಕೊಂಡು ಕೂತರೆ ಊರಿನವರಾಗುವುದು ಹೇಗೆ? ನೆರೆಯ ಮನೆಯ ಪೂಜೆಗೆ ಕರೆದರೆ, ಈದ್‌ಗೆ ಊಟಕ್ಕೆ ಕರೆದರೆ ಅತಿಥಿಯಾಗಿ ಹೋಗಿ. ಪ್ರಸಾದದ ಪ್ರಶ್ನೆ ಬರುತ್ತದೆ. ಪೌಲನ 1 ಕೊರಿಂಥ 8 ಮತ್ತು 10 ಓದಿ, ನಿಮ್ಮ ಮನಸ್ಸಾಕ್ಷಿ ಹೇಳಿದ ಹಾಗೆ ಮಾಡಿ. ತೆಗೆದುಕೊಳ್ಳುವುದಿಲ್ಲ ಅನ್ನುವುದಾದರೆ ಮೆಲ್ಲಗೆ ಹೇಳಿ, ಮುಖ ಸಿಂಡರಿಸಬೇಡಿ, ಊಟಕ್ಕೆ ನಿಲ್ಲಿ. ಬಡಿಸಲು ಕೈ ಸೇರಿಸಿದರೆ ಇನ್ನೂ ಒಳ್ಳೆಯದು.

ವಾಟ್ಸ್ಆ್ಯಪ್ಪಿನಲ್ಲಿ ದಿನಾ ಬೆಳಿಗ್ಗೆ ಹೂವಿನ ಚಿತ್ರದ ಮೇಲೆ ವಚನ ಕಳಿಸುವುದರಿಂದ ಯಾರಿಗೂ ಹೆಚ್ಚು ಉಪಯೋಗ ಆದದ್ದನ್ನು ನಾನು ನೋಡಿಲ್ಲ. ಅದರ ಬದಲು ಒಬ್ಬರಿಗೆ ಫೋನ್ ಮಾಡಿ.

ಯಾರಾದರೂ ಇನ್ನೂ ತಿಳಿಯಬೇಕು ಅಂದರೆ

ಅವಸರ ಬೇಡ. ಲೂಕನ ಸುವಾರ್ತೆಯನ್ನು ಅವರಿಗೆ ಸುಲಭವಾದ ಭಾಷೆಯಲ್ಲಿ ಕೊಡಿ. ಕನ್ನಡದಲ್ಲೂ ಇದೆ, ತುಳುವಿನಲ್ಲೂ ಇದೆ. ವಾರಕ್ಕೆ ಒಂದು ಅಧ್ಯಾಯ ಒಟ್ಟಿಗೆ ಓದಿ, ಅವರಿಗೆ ಏನು ಅನ್ನಿಸಿತು ಅಂತ ಕೇಳಿ. ಗಂಡಸರ ಜೊತೆ ಗಂಡಸರು, ಹೆಂಗಸರ ಜೊತೆ ಹೆಂಗಸರು ಕೂತರೆ ಒಳ್ಳೆಯದು. ಮನೆಯವರಿಗೆ ತಿಳಿದಿರಲಿ. 18 ತುಂಬದವರಾದರೆ ಹೆತ್ತವರ ಒಪ್ಪಿಗೆ ಇಲ್ಲದೆ ಮುಂದುವರಿಯಲೇಬೇಡಿ. ಆರಾಧನೆಗೆ ಬರಬೇಕು ಅಂದರೆ ಕರೆದುಕೊಂಡು ಹೋಗಿ ಪಕ್ಕದಲ್ಲೇ ಕೂರಿ, ಯಾವಾಗ ಏಳಬೇಕು, ಯಾವಾಗ ಕೂರಬೇಕು ಅಂತ ಹೇಳಿಕೊಡಿ. ಎದ್ದು ನಿಲ್ಲಿಸಿ ಪರಿಚಯ ಮಾಡಿಸಬೇಡಿ. ದೀಕ್ಷಾಸ್ನಾನದ ಮಾತು ಬಂದರೆ ಅದು ನಿಮ್ಮ ಕೈಯಲ್ಲಿ ಇಲ್ಲ. ಸಭಾಪಾಲಕರು ಅಥವಾ ಫಾದರ್ ಇದ್ದಾರೆ. ಆ ಹೊತ್ತಿಗೆ ಜಾರಿಯಲ್ಲಿರುವ ಕಾನೂನು ಏನು ಕೇಳುತ್ತದೆ ಅಂತ ವಕೀಲರನ್ನೂ ವಿಚಾರಿಸಲಿ.

ಒಬ್ಬರೇ ಮಾಡಿದರೆ ಬೇಗ ಸುಸ್ತಾಗುತ್ತದೆ. ಮೂರು ನಾಲ್ಕು ಜನ ಸೇರಿಕೊಳ್ಳಿ. ಸಭೆಯ ಹಿರಿಯರಿಗೋ ಚರ್ಚ್ ವಾರ್ಡಿನ ಮುಖ್ಯಸ್ಥರಾದ ಗುರ್ಕಾರರಿಗೋ ಹೇಳಿ ಇಡಿ. ತಿಂಗಳಿಗೊಮ್ಮೆ ಯಾರ ಮನೆಯಲ್ಲಾದರೂ ಕೂತು ಲೆಕ್ಕ ಹಾಕಿ: ಯಾರನ್ನು ನೋಡಿದೆವು, ಯಾರ ಮನೆಗೆ ಹೋಗಲು ತಪ್ಪಿತು, ಯಾರು ಏನು ಕೇಳಿದರು, ಉತ್ತರ ಹೇಗಿತ್ತು. ಎಷ್ಟು ಜನ ಚರ್ಚಿಗೆ ಬಂದರು ಅನ್ನುವ ಕಾಲಂ ಬೇಡ. ನಿಮಗೆ ಬೇರೆ ಊರಿಗೆ ವರ್ಗ ಆದರೆ ಹೋಗುವ ಮೊದಲು ನಿಮ್ಮ ಗುರುವಾರವನ್ನು ಇನ್ನೊಬ್ಬರಿಗೆ ಒಪ್ಪಿಸಿ, ಅವರನ್ನು ಆ ಮನೆಗೆ ಕರೆದುಕೊಂಡು ಹೋಗಿ ಪರಿಚಯಿಸಿ. ಪ್ರಾರ್ಥಿಸಲು ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಆ ಪುಟದ ಫೋಟೋ ತೆಗೆದು ಚರ್ಚಿನ ಗ್ರೂಪಿಗೆ ಹಾಕಬೇಡಿ.